ಸೊಪ್ಪಿನ ಕೋಣೆಯಲ್ಲಿ ಸಿನಿಮಾ

ಏನೂ ನಡೆಯದ ಸಿನಿಮಾಗಳ ಹುಚ್ಚು ನನಗೆ ಯಾವಾಗ ಹಿಡಿಯಿತೋ ಸರಿಯಾಗಿ ನೆನಪಿಲ್ಲ. ಏನೂ ನಡೆಯದ ಎಂದರೆ ಪೂರ್ತಿ ಸರಿಯಲ್ಲ. ಏನೋ ನಡೆಯುತ್ತದೆ ಎಂದು ಜನ ಕಾಯುತ್ತಾ ಕೂತಿರುವ ಸಿನಿಮಾಗಳು. ಮೂವರು ಚೆಕ್‌ಪೋಸ್ಟಿನಲ್ಲಿ ಕೂತು ಒಂದು ಲಾರಿಗಾಗಿ ಕಾಯುತ್ತಾರೆ. ಒಂದು ಮನೆಯವರೆಲ್ಲ ಹಜಾರದಲ್ಲಿ ಸೇರಿ ಒಳಕೋಣೆಯ ಬಾಗಿಲು ಯಾವಾಗ ತೆರೆಯುತ್ತದೋ ಎಂದು ಕಾಯುತ್ತಾರೆ. ಎರಡು ಗಂಟೆ ಅಷ್ಟೇ. ಕೋಲಾರದ ಕಾಲೇಜೊಂದರಲ್ಲಿ ಪಾಠ ಹೇಳುವ ನಾನು ಶನಿವಾರ ಮಧ್ಯಾಹ್ನ ಹುಡುಗರನ್ನು ಕೂಡಿಸಿಕೊಂಡು ಇಂಥವನ್ನು ತೋರಿಸುತ್ತಿದ್ದೆ. ನಲವತ್ತು ಜನ ಬಂದರೆ ಮುಗಿಯುವಾಗ ಆರು ಜನ ಉಳಿಯುತ್ತಿದ್ದರು, ಅದರಲ್ಲಿ ಇಬ್ಬರು ನಿದ್ದೆಯಲ್ಲಿರುತ್ತಿದ್ದರು. ಮುಳಬಾಗಿಲಿನ ಒಂದು ಶಾಲೆಯಲ್ಲಿ ತೋರಿಸಿದಾಗ ಮೇಷ್ಟ್ರುಗಳೇ ಮೊದಲು ಎದ್ದು ಹೋದರು. ಮಾಲೂರಿನಲ್ಲಿ ಒಬ್ಬರು ಹಿರಿಯರು ಚಿತ್ರ ಅಲ್ಲಾಡುತ್ತಿಲ್ಲವಲ್ಲ, ಪ್ರೊಜೆಕ್ಟರ್ ಕೆಟ್ಟಿರಬೇಕು ಎಂದು ಬಂದು ಅದರ ಬೆನ್ನಿಗೆ ಎರಡು ತಟ್ಟಿದರು.

ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಮಧ್ಯದಲ್ಲಿ ಎದ್ದು ಹೋಗುವವರನ್ನು ಕಂಡರೆ ಮೈ ಉರಿಯುತ್ತಿತ್ತು. ಬಾಗಿಲಲ್ಲೇ ನಿಲ್ಲಿಸಿ ಬೈದದ್ದೂ ಉಂಟು. ‘ಕಾಯೋದು ಅಂದ್ರೇನು ಅಂತ ಗೊತ್ತಿಲ್ಲದ ಜನ ನೀವು’ ಎಂದು ಭಾಷಣ ಬಿಗಿಯುತ್ತಿದ್ದೆ. ನನಗೇನು ಗೊತ್ತಿತ್ತು, ಮಣ್ಣು! ಕೂತಲ್ಲೇ ಬೆವರುತ್ತಾ ಕಾಯುವುದು ಹೇಗಿರುತ್ತದೆ ಎಂದು ತಿಳಿದದ್ದು ಕೆಲವು ವರ್ಷಗಳ ಹಿಂದಿನ ಒಂದು ಬೇಸಿಗೆಯಲ್ಲಿ, ನನ್ನ ಅಕ್ಕನ ಮನೆಯಲ್ಲಿ. ಆ ವಿಷಯವನ್ನು ಎರಡು ವರ್ಷ ಯಾರಿಗೂ ಹೇಳದೆ ಇಟ್ಟುಕೊಂಡಿದ್ದೆ.

ಅಕ್ಕನನ್ನು ಕೊಟ್ಟದ್ದು ಶ್ರೀನಿವಾಸಪುರದಾಚೆ, ರಾಯಲ್ಪಾಡಿನ ಹತ್ತಿರದ ಒಂದು ಹಳ್ಳಿಗೆ. ಆ ಕಡೆ ಎಲ್ಲರದೂ ಮಾವಿನ ತೋಪು, ಇಲ್ಲವೇ ಟೊಮೆಟೊ. ಅಕ್ಕ ಮಾತ್ರ ಹಟ ಹಿಡಿದು ಒಂದೂವರೆ ಎಕರೆಗೆ ಹಿಪ್ಪುನೇರಳೆ ಹಾಕಿ ರೇಷ್ಮೆ ಹುಳು ಸಾಕುತ್ತಿದ್ದಳು. ಭಾವ ಹಾಲಿನ ವ್ಯಾನು ಓಡಿಸುತ್ತಿದ್ದರು. ಹುಳದ ತಂಟೆಗೇ ಬರುತ್ತಿರಲಿಲ್ಲ. ಕಡ್ಡಿ ನೆಟ್ಟಿದ್ದರಿಂದ ಹಿಡಿದು ಹುಳುಮನೆಗೆ ಶೀಟು ಹೊದಿಸಿದ್ದರವರೆಗೆ ಎಲ್ಲವೂ ಅವಳೇ. ಮನೆ, ಹೊಲ, ದನ ಎಲ್ಲವನ್ನೂ ಊರಿನವರು ಅಕ್ಕನ ಅತ್ತೆಯ ಹೆಸರು ಹಿಡಿದೇ ಹೇಳುತ್ತಿದ್ದರು. ಹಿಪ್ಪುನೇರಳೆ ತೋಟವನ್ನು ಮಾತ್ರ ಅಕ್ಕನ ತೋಟ ಎನ್ನುತ್ತಿದ್ದರು. ಹದಿನಾಲ್ಕು ವರ್ಷ ಸಂಸಾರ ಮಾಡಿದ ಊರಿನಲ್ಲಿ ಅವಳದು ಅಂತ ಇದ್ದದ್ದು ಅದೊಂದೇ.

ಆ ವರ್ಷ ಎರಡು ಬೆಳೆ ಮೇಲಿಂದ ಮೇಲೆ ಕೈಕೊಟ್ಟಿದ್ದವು. ಒಂದಕ್ಕೆ ಹಾಲುತೊಂಡೆ ರೋಗ ತಗುಲಿತ್ತು, ಇನ್ನೊಂದು ಸಪ್ಪೆರೋಗದಲ್ಲಿ ಹೋಯಿತು. ನಾನು ರಜೆಗೆ ಹೋದ ದಿನವೇ ಊಟಕ್ಕೆ ಕೂತಾಗ ಭಾವ ತಟ್ಟೆ ನೋಡಿಕೊಂಡೇ ಹೇಳಿದರು: ‘ಇದೊಂದು ಬೆಳೆ ನೋಡೋಣ. ಇದೂ ಹೋದ್ರೆ ತೋಟ ಕಿತ್ತು ಮಾವಿನ ಸಸಿ ಹಾಕೋದೇ. ಅಮ್ಮಾನೂ ಅದೇ ಅಂತಾಳೆ.’ ಅತ್ತೆ ಹೂಂಗುಟ್ಟಿದರು. ಅಕ್ಕ ಸಾರು ಬಡಿಸುತ್ತಿದ್ದವಳು ಅತ್ತೆಯ ತಟ್ಟೆಗೂ ಒಂದು ಸೌಟು ಹಾಕಿದಳು. ಆಮೇಲೆ ‘ಆಯ್ತು’ ಎಂದಳು. ಅವಳ ಮಾತು ಮಾತೇ. ಆಯ್ತು ಅಂದ ಮೇಲೆ ಅತ್ತುಕರೆದು ತಪ್ಪಿಸಿಕೊಳ್ಳುವ ಜಾಯಮಾನ ಅವಳದಲ್ಲ.

ನಾನು ಹೋಗುತ್ತಿದ್ದದ್ದು ಸೊಪ್ಪು ಹೊರುವ ಆಳಾಗಿ. ಹುಳು ನಾಲ್ಕನೇ ಜ್ವರ ಎದ್ದ ಮೇಲೆ, ಅಂದರೆ ಕೊನೆಯ ಸಲ ಪೊರೆ ಬಿಟ್ಟ ಮೇಲೆ, ಒಂದು ವಾರ ರಾಕ್ಷಸರ ಹಾಗೆ ತಿನ್ನುತ್ತವೆ. ದಿನಕ್ಕೆ ಮೂರು ಹೊತ್ತು, ಕಡ್ಡಿ ಸಮೇತ ಸೊಪ್ಪು ಕೊಯ್ದು ಹಾಕಬೇಕು. ಬೆಳಿಗ್ಗೆ ಕೊಯ್ದ ಸೊಪ್ಪನ್ನು ಹುಳುಮನೆಗೆ ಅಂಟಿಕೊಂಡ ಸೊಪ್ಪಿನ ಕೋಣೆಯಲ್ಲಿ ಗುಡ್ಡೆ ಹಾಕಿ, ಒದ್ದೆ ಗೋಣಿತಾಟು ಹೊದಿಸಿ ಇಡುತ್ತಿದ್ದೆವು. ಕಿಟಕಿ ಇಲ್ಲದ, ನೆಲ ಸದಾ ತೇವವಾಗಿರುವ ಕೋಣೆ. ಏಪ್ರಿಲ್ ಬಿಸಿಲಿನಲ್ಲಿ ಇಡೀ ಊರಿನಲ್ಲಿ ಅಂಥ ತಂಪಾದ, ಅಂಥ ಕತ್ತಲಾದ ಜಾಗ ಇನ್ನೊಂದಿಲ್ಲ. ಪ್ರೊಜೆಕ್ಟರ್ ಇದ್ದವನಿಗೆ ಇನ್ನೇನು ಬೇಕು? ಮಧ್ಯಾಹ್ನದ ಮೇವಿಗೆ ಮುಂಚೆ ಎರಡು ಗಂಟೆ ಬಿಡುವಿರುತ್ತಿತ್ತು. ಸುಣ್ಣದ ಗೋಡೆಯ ಮೇಲೆ ಸಿನಿಮಾ ಶುರು ಮಾಡಿಯೇಬಿಟ್ಟೆ.

ಹುಳುಮನೆಯ ನಿಯಮಗಳು ಎರಡು ಥರ. ಅಕ್ಕನದು ತರಬೇತಿಯಲ್ಲಿ ಕಲಿತದ್ದು: ಬಾಗಿಲಲ್ಲಿ ಬ್ಲೀಚಿಂಗ್ ಪುಡಿ ಕಲಸಿದ ನೀರಿನ ಟಬ್ಬಿನಲ್ಲಿ ಕಾಲು ಅದ್ದಿ ಬರಬೇಕು, ಬೀಡಿ ಹೊಗೆಸೊಪ್ಪು ಮುಟ್ಟಿದ ಕೈಯಲ್ಲಿ ಸೊಪ್ಪು ಮುಟ್ಟಬಾರದು, ಔಷಧಿ ಹೊಡೆದ ತೋಟದಿಂದ ಬಂದವರು ಹತ್ತಿರವೂ ಸುಳಿಯಬಾರದು. ಅತ್ತೆಯದು ಹಳೆಯದು: ಹೊರಗಾದ ಹೆಂಗಸು ಮೂರು ದಿನ ಹುಳುಮನೆಯ ಹೊಸ್ತಿಲು ತುಳಿಯಬಾರದು. ಅಕ್ಕ ಅದಕ್ಕೆ ನಗುತ್ತಿದ್ದಳು. ‘ನಾನು ಮೂರ್ ದಿನ ಹೊರಗೆ ಕೂತ್ರೆ ಹುಳ ನಿಮ್ಮಮ್ಮ ಬಂದು ಮೇಯಿಸ್ತಾಳಾ?’ ಎಂದು ಭಾವನಿಗೆ ಕೇಳುತ್ತಿದ್ದಳು. ಅತ್ತೆಗೆ ಗೊತ್ತಾಗದ ಹಾಗೆ ಹಿಂದಿನ ಬಾಗಿಲಿಂದ ಹೋಗಿ ಬರುತ್ತಿದ್ದಳು. ಮಗಳಿಗೂ, ಅದು ಆಗ ಆರನೇ ಕ್ಲಾಸು, ‘ಇವೆಲ್ಲ ತಲೆಗೆ ಹಚ್ಕೋಬೇಡ ಕಣೇ’ ಎಂದು ಹೇಳಿಕೊಟ್ಟಿದ್ದಳು.

ಮೊದಲ ದಿನ ಎಲ್ಲರೂ ನೋಡಲು ಬಂದರು. ಅಕ್ಕನ ಮಗಳು ಹತ್ತು ನಿಮಿಷಕ್ಕೆ ‘ಮಾಮಾ, ಬೋರು’ ಎಂದು ಓಡಿಹೋದಳು. ಭಾವ ಅಲ್ಲೇ ಗೊರಕೆ ಹೊಡೆದರು. ಅತ್ತೆ ‘ಇದೇನ್ಲಾ, ಸತ್ತ ಮನೆ ಇದ್ದಂಗೈತೆ’ ಎಂದು ಸೆರಗು ಕೊಡವಿಕೊಂಡು ಎದ್ದರು. ಅಕ್ಕ ಒಬ್ಬಳೇ ಮರ್ಯಾದೆಗೆ ಅರ್ಧ ಗಂಟೆ ಕೂತಳು, ಮನಸ್ಸೆಲ್ಲ ಹುಳದ ಕಡೆ. ನನಗೆ ಸಿಟ್ಟು ಬಂದರೂ ಬಿಡಲಿಲ್ಲ. ಯಾರಾದರೂ ಒಬ್ಬರು, ಈ ಪ್ರಪಂಚದಲ್ಲಿ ಒಬ್ಬೇ ಒಬ್ಬರು, ನನ್ನ ಜೊತೆ ಕೊನೆಯವರೆಗೆ ಕೂತು ನೋಡಬೇಕಿತ್ತು.

ಮೂರನೇ ದಿನ ಹಾಕಿದ್ದು ಒಂದು ಹಾಡಿಯ ಕಥೆ. ಕೆಳಗೆಲ್ಲೋ ಅಣೆಕಟ್ಟು ಕಟ್ಟಿದ್ದಾರೆ, ನೀರು ನಿಮ್ಮ ಬಾಗಿಲವರೆಗೂ ಬರುತ್ತದೆ ಎಂದು ಹೇಳಿ ಹೋಗಿದ್ದಾರೆ. ಜನ ಗಂಟುಮೂಟೆ ಕಟ್ಟಿಕೊಂಡು ಅಂಗಳದಲ್ಲಿ ಕೂತಿದ್ದಾರೆ. ನೀರು ಬರುವುದು ಕಾಣುವುದಿಲ್ಲ, ಸದ್ದಿಲ್ಲ. ಗಾಳಿ ನಿಂತಿದೆ. ಕೊನೆಯಲ್ಲಿ ಮನೆಯ ಹಿಂದಿನಿಂದ ಒಂದು ಕೋಳಿ ನಿಧಾನವಾಗಿ ಅಂಗಳಕ್ಕೆ ನಡೆದು ಬರುತ್ತದೆ. ಅದರ ಕಾಲು ಒದ್ದೆ. ನೆಲದ ಮೇಲೆ ಅದರ ಹೆಜ್ಜೆ ಮೂಡುತ್ತದೆ. ಅಷ್ಟೇ, ಮುಗಿಯಿತು. ಆ ಕೋಳಿಗಾಗಿ ನಾನು ಆ ಸಿನಿಮಾವನ್ನು ಏಳೆಂಟು ಸಲ ನೋಡಿದ್ದೆ.

ಅಕ್ಕ ಶುರುವಿನಲ್ಲೇ ಎದ್ದು ಹುಳುಮನೆಯಲ್ಲಿ ಹಿಕ್ಕೆ ತೆಗೆಯಲು ಹೋದಳು. ಹೊಲದ ಕಡೆಯ ಬಾಗಿಲು ಅರ್ಧ ತೆರೆದುಕೊಂಡಿತು. ಪಕ್ಕದ ಟೊಮೆಟೊ ತೋಟದ ಯಜಮಾನರು ತಲೆ ಹಾಕಿ ‘ಏಮಿ ನಾಯನಾ, ಸಿನಿಮಾ ವೇಸ್ತಾ ಉನ್ನಾವಂಟ?’ ಎಂದು, ಸಿನಿಮಾ ಹಾಕುತ್ತಿದ್ದೀಯಂತಲ್ಲ ಎಂದು ತೆಲುಗಿನಲ್ಲಿ ಕೇಳಿದರು. ಅರವತ್ತು ದಾಟಿದ, ಮೆದು ಮಾತಿನ ಮನುಷ್ಯ. ಅಕ್ಕನಿಗೆ ಮೊದಲು ಹಿಪ್ಪುನೇರಳೆ ಕಡ್ಡಿ ತಂದುಕೊಟ್ಟವರೇ ಅವರು. ಹುಳುಮನೆಯ ಬಾಗಿಲಿನ ಕಾಲು ಅದ್ದುವ ಟಬ್ಬಿನ ಕಡೆ ಹೊರಟರು. ‘ಬಿಡಿ ಮಾವ, ಇದು ಹುಳುಮನೆ ಅಲ್ವಲ್ಲ, ಬನ್ನಿ ಕೂತ್ಕೊಳ್ಳಿ’ ಎಂದೆ. ಇದ್ದ ಒಂದು ಸ್ಟೂಲಿನ ಮೇಲೆ ಪ್ರೊಜೆಕ್ಟರ್ ಇತ್ತು. ನೆಲ ಒದ್ದೆ. ದೊಡ್ಡವರನ್ನು ನಿಲ್ಲಿಸುವುದು ಹೇಗೆ? ಸೊಪ್ಪಿನ ಗುಡ್ಡೆಯ ಮೇಲಿನ ಗೋಣಿತಾಟನ್ನು ಕೈಯಲ್ಲಿ ತಟ್ಟಿ ತೋರಿಸಿದೆ. ‘ಇಲ್ಲಿ ಕೂರಿ, ತಣ್ಣಗಿದೆ.’

ಕೂತರು. ಒರಗಿಕೊಂಡರು. ಮೊಣಕೈ ಊರಿಕೊಂಡರು. ಮತ್ತು, ಅಯ್ಯೋ ದೇವರೇ, ಆ ಮನುಷ್ಯ ಸಿನಿಮಾ ನೋಡಿದರು! ಕಣ್ಣು ಮಿಟುಕಿಸದೆ ನೋಡಿದರು. ಸ್ವಲ್ಪ ಹೊತ್ತಿಗೆ ‘ನೀರು ಬರ್ತದಾ, ಬರಲ್ವಾ?’ ಎಂದು ಪಿಸುಗುಟ್ಟಿದರು. ‘ನೋಡ್ತಿರಿ’ ಎಂದೆ. ‘ಹೇಳಪ್ಪಾ, ಯಾಕೋ ಎದೆ ಹೊಡ್ಕೊಳ್ತೈತೆ’ ಎಂದರು. ನನಗೆ ಖುಷಿ ತಡೆಯಲಾಗಲಿಲ್ಲ. ಬಿ.ಎ. ಓದಿದ ಹುಡುಗರ ತಲೆಗೆ ಹೋಗದ್ದು ಈ ಮನುಷ್ಯನ ಎದೆಗೆ ನೇರ ಹೋಗಿದೆ. ಪಕ್ಕದಲ್ಲಿ ಕೂತು ಅವರ ಮುಖವನ್ನೇ ನೋಡುತ್ತಿದ್ದೆ.

ಆಗ ಮೂಗಿಗೆ ವಾಸನೆ ಬಡಿಯಿತು. ಗಂಟಲಿಗೆ ಹಿಡಿಯುವ ಘಾಟು. ಅವರ ಅಂಗಿಯ ಬೆನ್ನಿನ ಮೇಲೆ ಔಷಧಿ ಕ್ಯಾನು ಹೊತ್ತ ಪಟ್ಟಿಯ ಗುರುತು ಇನ್ನೂ ಒದ್ದೆಯಾಗಿತ್ತು. ಬೆಳಿಗ್ಗೆಯೆಲ್ಲ ಟೊಮೆಟೊಗೆ ಔಷಧಿ ಹೊಡೆದು, ಊಟಕ್ಕೆ ಮನೆಗೆ ಹೋಗುವ ದಾರಿಯಲ್ಲಿ ಹಾಗೇ ಬಂದಿದ್ದರು. ಒದ್ದೆ ಅಂಗಿ, ಒದ್ದೆ ಪಂಚೆ, ಕೆಳಗೆ ಒದ್ದೆ ತಾಟು, ಅದರ ಕೆಳಗೆ ಮಧ್ಯಾಹ್ನದ ಮೇವು. ‘ಮಾವ, ಸ್ವಲ್ಪ ಏಳಿ’ ಎಂದರೆ ಸಾಕಿತ್ತು. ಗೋಡೆಯ ಮೇಲೆ ಜನ ಸುಮ್ಮನೆ ಕೂತಿದ್ದರು. ಕೋಳಿ ಬರುವುದಕ್ಕೆ ಇನ್ನು ನಾಲ್ಕೈದು ನಿಮಿಷವಿತ್ತು. ಕೋಳಿ ಬರಲಿ, ಆಮೇಲೆ ಹೇಳೋಣ ಎಂದುಕೊಂಡೆ. ಇದನ್ನು ಬರೆಯುವಾಗಲೂ ನಾಚಿಕೆಯಿಂದ ಕಿವಿ ಬಿಸಿಯಾಗುತ್ತಿದೆ.

ಕೋಳಿ ಬಂತು. ಯಜಮಾನರು ಅದರ ಕಾಲು ನೋಡಿ ‘ಅಯ್ಯಯ್ಯೋ, ವಚ್ಚೇಸಿಂದೇ’ ಎಂದು, ಬಂದೇಬಿಟ್ಟಿತಲ್ಲ ಎಂದು ಬಾಯಿಗೆ ಕೈ ಇಟ್ಟುಕೊಂಡರು. ಆಮೇಲೆ ಪಂಚೆ ಕೊಡವಿಕೊಂಡು ಹೊಲದ ಕಡೆಯ ಬಾಗಿಲಿಂದ ಹೋದರು. ಅವರು ಬಂದದ್ದೂ ಹೋದದ್ದೂ ಅಕ್ಕನಿಗೆ ಗೊತ್ತಾಗಲಿಲ್ಲ. ‘ಸೊಪ್ಪು ತಗೊಂಡ್ ಬಾರೋ, ಹಸ್ಕೊಂಡವೆ’ ಎಂದು ಆ ಕಡೆಯಿಂದ ಕೂಗಿದಳು. ತಾಟು ಎತ್ತಿ ಮೂಸಿದೆ. ವಾಸನೆ ಇತ್ತೋ, ನನ್ನ ಮೂಗಿನಲ್ಲೇ ಉಳಿದಿತ್ತೋ ತಿಳಿಯಲಿಲ್ಲ. ಮೇಲಿನ ಎರಡು ಹೊರೆ ತೆಗೆದು ಹಿಂದಿನ ತಿಪ್ಪೆಗೆ ಎಸೆದೆ. ಉಳಿದದ್ದಕ್ಕೆ ಏನೂ ಆಗಿರಲಾರದು ಎಂದು ನನಗೆ ನಾನೇ ಹೇಳಿಕೊಂಡೆ. ಮತ್ತೆ ತೋಟಕ್ಕೆ ಹೋಗಿ ಆ ಬಿಸಿಲಲ್ಲಿ ಹೊಸದಾಗಿ ಕೊಯ್ಯಬೇಕಾದರೆ ಕಾರಣ ಹೇಳಬೇಕಿತ್ತು. ಕಾರಣ ಹೇಳಿದರೆ ಸಿನಿಮಾ, ತಾಟು, ನನ್ನ ಉಪಚಾರ ಎಲ್ಲ ಹೊರಗೆ ಬರುತ್ತಿತ್ತು. ಉಳಿದ ಸೊಪ್ಪನ್ನು ನಾನೇ ಹೊತ್ತು ತಂದು, ಅಕ್ಕನ ಜೊತೆ ನಾನೇ ಹಾಸಿದೆ.

ಒಂದು ಗಂಟೆ ಏನೂ ಆಗಲಿಲ್ಲ. ಹುಳುಮನೆಯ ತುಂಬ ಮೇಯುವ ಸದ್ದು. ನಾನು ಬಾಗಿಲಲ್ಲೇ ನಿಂತಿದ್ದೆ. ಎಡಗಡೆಯ ಸಾಲಿನಲ್ಲಿ ಸದ್ದು ಕಡಿಮೆಯಾದಂತೆ ಅನಿಸಿತು. ಹತ್ತಿರ ಹೋಗಿ ನೋಡಿದರೆ ಕೆಲವು ಹುಳು ತಲೆ ಎತ್ತಿ ಅತ್ತಿತ್ತ ಆಡಿಸುತ್ತಿದ್ದವು. ಒಂದರ ಬಾಯಿಂದ ಹಸಿರು ನೀರು ಇಳಿಯಿತು. ಅಕ್ಕ ಬಂದು ನೋಡಿದಳು, ಬಗ್ಗಿ ಮೂಸಿದಳು. ‘ಔಷಧಿ ಕಣೋ ಇದು’ ಎಂದಳು. ತಿರುಗಿ ನನ್ನನ್ನೇ ನೋಡಿ ಕೇಳಿದಳು: ‘ಸೊಪ್ಪು ಯಾರಾದ್ರೂ ಮುಟ್ಟಿದ್ರಾ?’

‘ಇಲ್ಲ’ ಎಂದೆ. ಅಷ್ಟು ಸಲೀಸಾಗಿ ಬಾಯಿಂದ ಬಂತು.

ಕೈಗೆ ಸಿಕ್ಕ ಸತ್ತ ಹುಳುಗಳನ್ನೆಲ್ಲ ಆಯ್ದು ಬಕೆಟ್ಟಿಗೆ ಹಾಕಿದೆವು. ಅರ್ಧ ಬಕೆಟ್ಟಷ್ಟೇ. ಉಳಿದವು ಮರುದಿನ ಮೇಯತೊಡಗಿದವು. ಅಕ್ಕನ ಮುಖಕ್ಕೆ ಸ್ವಲ್ಪ ಜೀವ ಬಂತು. ಸಂಜೆ ಪಕ್ಕದ ಯಜಮಾನರನ್ನು ಬೇಲಿಯ ಹತ್ತಿರ ಕರೆದು ‘ಔಷಧಿ ಹೊಡೆದ್ರಾ ಮಾವಾ?’ ಎಂದು ಕೇಳಿದಳು. ಅವರು ‘ಹೊಡ್ದೆ ತಾಯಿ, ಆದ್ರೆ ಗಾಳಿ ಈ ಕಡೆ ಇರಲಿಲ್ಲ’ ಎಂದರು. ನಿಜವನ್ನೇ ಹೇಳಿದರು; ತಾಟಿನ ಕೆಳಗೆ ಸೊಪ್ಪಿತ್ತೆಂದು ಅವರಿಗೆ ಹೊಳೆದೇ ಇರಲಿಲ್ಲ. ನಾನು ಸೊಪ್ಪಿನ ಕೋಣೆಯಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದೆ. ಈಗ ಹೇಳಿದರೆ ಎರಡು ಮನೆಗೂ ಜಗಳ ಎಂದು ನೆಪ ಹುಡುಕಿಕೊಂಡೆ. ಹುಳು ಉಳಿದರೆ ಹೇಳುವ ಪ್ರಮೇಯವೇ ಬರುವುದಿಲ್ಲ ಎಂದು ಆಸೆಪಟ್ಟೆ. ಆ ದಿನದಿಂದ ಪ್ರೊಜೆಕ್ಟರ್ ಪೆಟ್ಟಿಗೆಯಿಂದ ಹೊರಗೆ ಬರಲಿಲ್ಲ.

ಆಮೇಲಿನ ದಿನಗಳನ್ನು ಹೇಗೆ ಕಳೆದೆನೋ! ಹುಳು ನೋಡಲಿಕ್ಕೆ ಚೆನ್ನಾಗಿಯೇ ಇದ್ದವು, ಅದೇ ಹೆದರಿಕೆ: ಔಷಧಿ ಒಳಗೆ ಹೋದ ಹುಳು ಮೇಯ್ದರೂ ನೂಲು ಬಿಡದಿರಬಹುದು ಎಂದು ಎಲ್ಲೋ ಓದಿದ್ದೆ. ಸಣ್ಣ ಸದ್ದಾದರೆ ಬೆಚ್ಚಿಬೀಳುತ್ತಿದ್ದೆ. ‘ನನಗಿಂತ ನಿನಗೇ ಜಾಸ್ತಿ ಚಿಂತೆ ಕಣೋ’ ಎಂದು ಅಕ್ಕ ನನ್ನ ತಲೆ ನೇವರಿಸಿದಳು. ಆ ಕೈಯನ್ನು ತಳ್ಳಬೇಕೆನಿಸಿತು. ಜ್ವರ ಎದ್ದ ಏಳನೇ ದಿನ ಹುಳು ಹಣ್ಣಾದವು. ಮೈ ಹಳದಿಯಾಗಿ, ಮೇವು ಬಿಟ್ಟವು. ಅಕ್ಕ ಒಂದೊಂದನ್ನೇ ಆರಿಸಿ ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗಳ ಮೇಲೆ ಬಿಟ್ಟಳು. ಇನ್ನು ಮಾಡುವ ಕೆಲಸ ಏನೂ ಇಲ್ಲ. ನೂಲು ಬಿಡುವುದಕ್ಕೆ ಕಾಯಬೇಕು, ಅಷ್ಟೇ. ಅತ್ತೆ, ಭಾವ, ಅಕ್ಕ, ಮಗಳು, ನಾನು, ಎಲ್ಲರೂ ಚಪ್ಪರದ ಕೆಳಗೆ ಚಂದ್ರಿಕೆಗಳ ಮುಂದೆ ಕೂತೆವು.

ಹುಳು ನಡೆದವು. ಚಂದ್ರಿಕೆಯ ಸುತ್ತುಗಳಲ್ಲಿ ತಲೆ ಎತ್ತಿ, ಎಲ್ಲೂ ನಿಲ್ಲದೆ, ನಡೆಯುತ್ತಲೇ ಇದ್ದವು. ಸಂಜೆಯಾಯಿತು, ನಡೆದವು. ಮರುದಿನ ಬೆಳಿಗ್ಗೆಯೂ ನಡೆಯುತ್ತಿದ್ದವು. ಅಲ್ಲೊಂದು ಇಲ್ಲೊಂದು ಕಾಗದದಷ್ಟು ತೆಳು ಗೂಡು. ಮಧ್ಯಾಹ್ನದ ಹೊತ್ತಿಗೆ ಅವು ಕುಗ್ಗಿ, ಕಪ್ಪಾಗಿ ಒಂದೊಂದೇ ನೆಲಕ್ಕೆ ಬೀಳತೊಡಗಿದವು. ಬೀಳುವ ಸದ್ದು ಕೇಳಿಸುತ್ತಿತ್ತು. ಅಕ್ಕ ಕೂತಲ್ಲಿಂದ ಏಳಲಿಲ್ಲ.

ಅತ್ತೆ ಮೊದಲು ಬಾಯಿಬಿಟ್ಟರು. ‘ನಾಲ್ಕನೇ ಜ್ವರದಾಗ ನೀನು ಹೊರಗಾಗಿದ್ದೆ ತಾನೇ? ಹಿಂದಿನ ಬಾಗ್ಲಿಂದ ಒಳಕ್ ಹೋಗಿದ್ದು ನಾನು ಕಂಡಿಲ್ಲ ಅಂದ್ಕೊಂಡ್ಯಾ? ಮುಟ್ಟಾದ ಕೈಲಿ ಸೊಪ್ಪು ಹಾಕಿದ್ರೆ ಇನ್ನೇನಾಗ್ತೈತೆ?’ ಅಕ್ಕ ಎಂದಿನ ಹಾಗೆ ತಿರುಗಿ ಒಂದು ಮಾತು ಬಿಸಾಕುತ್ತಾಳೆ ಎಂದು ಕಾದೆ. ಅವಳು ತಲೆ ತಗ್ಗಿಸಿದಳು.

ತಿಪ್ಪೆಯ ಹಿಂದೆ ನಾನು ಗುಂಡಿ ತೋಡಿದೆ, ಅವಳು ಬುಟ್ಟಿ ಬುಟ್ಟಿ ತಂದು ಸುರಿದಳು. ಕೊನೆಯ ಬುಟ್ಟಿ ಸುರಿದು ‘ನಾನೇ ಕಣೋ ಕೊಂದಿದ್ದು’ ಎಂದಳು. ‘ಔಷಧಿ ಅಂದ್ಕೊಂಡೆ, ಗಾಳಿನೂ ಈ ಕಡೆ ಇರಲಿಲ್ಲ, ಸೊಪ್ಪೂ ಯಾರೂ ಮುಟ್ಟಿಲ್ಲ. ಏನೋ ನಗ್ತಾ ಇದ್ದೆ. ಮೂರು ಬೆಳೆಗೂ ಹಂಗೇ ಮಾಡಿದ್ದೀನಿ. ಮೂರೂ ಹೋದ್ವು, ಇನ್ನೇನ್ ಹೇಳ್ಬೇಕು?’ ‘ಹುಚ್ಚುಚ್ಚಾಗಿ ಮಾತಾಡ್ಬೇಡ’ ಎಂದು ಗದರಿಸಿದೆ. ವಿಜ್ಞಾನದ ನಾಲ್ಕು ಮಾತು ಹೇಳಿದೆ. ಹೇಳಬೇಕಾದ ಒಂದು ಮಾತು ಹೇಳದೆ ಗುಂಡಿಗೆ ಮಣ್ಣು ಎಳೆದೆ.

ಮುಂದಿನ ವಾರ ಜೆಸಿಬಿ ಬಂದು ಒಂದೂವರೆ ಎಕರೆಯನ್ನು ಮಧ್ಯಾಹ್ನದೊಳಗೆ ಚೊಕ್ಕಟ ಮಾಡಿತು. ಅಕ್ಕ ನೋಡಲು ಬರಲಿಲ್ಲವಂತೆ. ಈಗ ಅಲ್ಲಿ ಮಾವಿನ ಸಸಿಗಳು ಸೊಂಟದೆತ್ತರ ಬಂದಿವೆ. ಊರಿನವರು ಅದನ್ನು ಅತ್ತೆಯ ತೋಪು ಎನ್ನುತ್ತಾರೆ.

ನಾನು ಎರಡು ವರ್ಷ ಆ ಕಡೆ ಹೋಗಲಿಲ್ಲ. ಕಳೆದ ಬೇಸಿಗೆಯಲ್ಲಿ ಹೋದೆ. ಅಂಗಳದ ಮೂಲೆಯಲ್ಲಿ, ದನದ ಕೊಟ್ಟಿಗೆಯ ಪಕ್ಕ, ಅಕ್ಕನ ಮಗಳು ಚಾಪೆಯ ಮೇಲೆ ಕೂತಿದ್ದಳು. ಪಕ್ಕದಲ್ಲಿ ಬೇರೆ ಲೋಟ, ಬೇರೆ ತಟ್ಟೆ. ಬಿಸಿಲು ಚಾಪೆಯ ಅರ್ಧಕ್ಕೆ ಬಂದಿತ್ತು. ‘ಇದೇನೇ, ಒಳಗೆ ಬಾ’ ಎಂದೆ. ‘ಇಲ್ಲ ಮಾಮಾ, ಇನ್ನೂ ಒಂದು ದಿನ ಇದೆ’ ಎಂದಳು. ‘ಅಜ್ಜಿ ಕೂರಿಸಿದ್ರಾ?’ ‘ಇಲ್ಲ. ಅಮ್ಮ.’ ಮೊದಲ ಸಲದಿಂದಲೂ ಅಮ್ಮನೇ ಕೂರಿಸುತ್ತಾಳಂತೆ, ಅಜ್ಜಿ ಬೇಡವೆಂದರೂ ಬಿಡುವುದಿಲ್ಲವಂತೆ. ಈ ಸಲ ಶಾಲೆಯ ಪರೀಕ್ಷೆಯೊಂದು ತಪ್ಪಿಹೋಗಿತ್ತು.

ಅಕ್ಕ ಕೈ ಒರೆಸಿಕೊಳ್ಳುತ್ತಾ ಬಾಗಿಲಿಗೆ ಬಂದಳು. ನನ್ನನ್ನು ಕಂಡು ಮುಖ ಅರಳಿತು. ಇನ್ನು ತಡೆಯಲು ಆಗಲಿಲ್ಲ. ಅಂಗಳದಲ್ಲಿ ನಿಂತೇ ಎಲ್ಲವನ್ನೂ ಹೇಳಿದೆ: ಯಜಮಾನರು ಬಂದದ್ದು, ನಾನೇ ಕೂರಿಸಿದ್ದು, ವಾಸನೆ ಬಂದರೂ ಸಿನಿಮಾ ಮುಗಿಯಲಿ ಎಂದು ಸುಮ್ಮನಿದ್ದದ್ದು, ಆ ಸೊಪ್ಪನ್ನೇ ತಂದು ಹಾಸಿದ್ದು, ಇಲ್ಲ ಎಂದು ಸುಳ್ಳು ಹೇಳಿದ್ದು. ಮಗಳೂ ಕೇಳಿಸಿಕೊಂಡಳು. ಬೈಯುತ್ತಾಳೆ, ಹೊಡೆಯುತ್ತಾಳೆ ಎಂದು ನಿಂತಿದ್ದೆ. ಹೊಡೆದಿದ್ದರೆ ಎಷ್ಟೋ ಚೆನ್ನಾಗಿತ್ತು.

ಅವಳು ಮೆಟ್ಟಿಲಿಳಿದು ಹೋಗಿ ಚಾಪೆ ಸುತ್ತಿ ಕಂಕುಳಿಗೆ ಸಿಕ್ಕಿಸಿಕೊಂಡಳು. ಲೋಟ ತಟ್ಟೆ ಎತ್ತಿಕೊಂಡಳು. ಮಗಳ ರಟ್ಟೆ ಹಿಡಿದು ಎಬ್ಬಿಸಿ, ‘ಒಳಗೆ ನಡಿಯೇ, ಊಟ ಮಾಡು’ ಎಂದಳು. ಹುಡುಗಿ ಹೊಸ್ತಿಲು ದಾಟಿದ ಮೇಲೆ ನನ್ನ ಕಡೆ ತಿರುಗಿದಳು.

‘ನೀನು ಹೊರಡು. ಬಸ್ಸು ಬರೋ ಹೊತ್ತಾಯ್ತು.’

ಬಸ್ಸಿಗೆ ಇನ್ನೂ ಎರಡು ಗಂಟೆ ಇತ್ತು.